ಅಪ್‌ಡೇಟ್: ಮಳೆಗಾಲಕ್ಕೆ ತುಡುವೆ ಪೆಟ್ಟಿಗೆ

ಮಲೆನಾಡಿನ ಮಳೆಗಾಲದಲ್ಲಿ ತುಡುವೆ (ಪೆಟ್ಟಿಗೆಯಲ್ಲಿ ಸಾಕುವ ನಾಡ ಜೇನು) ಕುಟುಂಬ ಪೆಟ್ಟಿಗೆ ಬಿಟ್ಟು ಹೋಗದಂತೆ ಏನು ಮಾಡಬೇಕೆಂದು ಕೇಳಿದ್ದೆ. ಉತ್ತರಿಸಿದವರಿಗೆಲ್ಲ ಧನ್ಯವಾದ.

ಜೇನು ಕೂಡಿಡುವ ಮೇಲಿನ ಜೇನುಕೋಣೆ ತೆಗೆದು, ಮರಿ ಬೆಳೆಸುವ ಕೆಳಗಿನ ಸಂಸಾರ ಕೋಣೆಯನ್ನಷ್ಟೇ ಉಳಿಸಿದ್ದೇನೆ. ಜೇನುನೊಣ ಮುಚ್ಚಿರದ ಹಳೇ ಎರಿಗಳನ್ನೂ (ಮೇಣದ ಹಲ್ಲೆ) ಹೊರತೆಗೆದಾಯಿತು. ಕಾವಲಿಲ್ಲದ ಎರಿಯಲ್ಲಿ ಮೇಣದ ಚಿಟ್ಟೆ ಸುಲಭವಾಗಿ ಮೊಟ್ಟೆಯಿಡುತ್ತದೆ. ಅದರ ಹುಳು ಎರಿಯಲ್ಲಿ ಸುರಂಗ ಕೊರೆಯತೊಡಗಿದರೆ ಕುಟುಂಬ ನಿಲ್ಲುವುದು ಕಷ್ಟ. ಅಡಿಹಲಗೆಯ ಕಸದಲ್ಲೂ ಆ ಹುಳು ಬೆಳೆಯುತ್ತದೆ, ಹಾಗಾಗಿ ವಾರಕ್ಕೊಮ್ಮೆ ಗುಡಿಸಲೇಬೇಕು. ನೀರು ಒಳಗೆ ನಿಲ್ಲದಂತೆ ಪೆಟ್ಟಿಗೆ ಬಾಗಿಲ ಕಡೆಗೆ ತುಸು ವಾಲಿದೆ. ಇರುವೆ ಹತ್ತದಂತೆ ಸ್ಟ್ಯಾಂಡಿನ ಬುಡದಲ್ಲಿ ನೀರಿನ ಬಟ್ಟಲು.

ನೊಣಗಳಿಗೆ ಆಹಾರವಾಗಿ ಕೊಡುವ ಪಾಕಕ್ಕೆ ಒಂದು ಲೋಟ ಸಕ್ಕರೆ, ಒಂದು ಲೋಟ ಬಿಸಿನೀರು. ಆರಿದ ಮೇಲೆ, ಕತ್ತಲಾಗುವ ಹೊತ್ತಿಗೆ, ಎಲ್ಲ ಪೆಟ್ಟಿಗೆಗೂ ಒಂದೇ ದಿನ ಕೊಡಬೇಕು. ನೊಣ ಮುಳುಗದಂತೆ ಮೇಲೆ ಕಡ್ಡಿ ತೇಲಿಬಿಡಿ. ಹಗಲು ಕೊಟ್ಟರೆ ಅಥವಾ ಹೊರಗೆ ಚೆಲ್ಲಿದರೆ ಬಲವಾದ ಕುಟುಂಬ ದುರ್ಬಲವಾದದ್ದನ್ನು ದೋಚುತ್ತದೆ. ಬೆಲ್ಲ ಮಾತ್ರ ಬೇಡವೇ ಬೇಡ, ನೊಣಗಳಿಗೆ ಭೇದಿಯಾಗುತ್ತದೆ.