ತಪಸ್ಸುಕಾಲ ಪ್ರತಿ ವರ್ಷ ಮೂರನೇ ವಾರಕ್ಕೇ ಕೈಬಿಟ್ಟು ಹೋಗುತ್ತದೆ, ಏನು ಮಾಡಲಿ?

ಮೈಸೂರು_ಹುಡುಗ

ಎಲ್ಲರಿಗೂ ನಮಸ್ಕಾರ. ಊರು ಮೈಸೂರು, ಕೆಲಸ ಬೆಂಗಳೂರಿನಲ್ಲಿ, ಕಥೋಲಿಕ. ಈಸ್ಟರ್‌ಗೆ ಮುಂಚಿನ ಉಪವಾಸ, ಪ್ರಾರ್ಥನೆಯ ದಿನಗಳೇ ತಪಸ್ಸುಕಾಲ. ಅದು ಶುರುವಾಗುವ ವಿಭೂತಿ ಬುಧವಾರ ಈ ವರ್ಷ, ಅಂದರೆ 2026ರಲ್ಲಿ, ಫೆಬ್ರವರಿ 18ಕ್ಕೆ, ಈಸ್ಟರ್ ಏಪ್ರಿಲ್ 5ಕ್ಕೆ. ಇನ್ನು ಕೆಲವೇ ದಿನ ಇದೆ, ಈಗಲೇ ಭಯ ಆಗುತ್ತಿದೆ.

ಪ್ರತಿ ಸಲ ಹಣೆಗೆ ಬೂದಿ ಹಚ್ಚಿಸಿಕೊಂಡು ಹೊರಗೆ ಬರುವಾಗ ಮನಸ್ಸು ತುಂಬಿರುತ್ತದೆ. ಮಾಂಸ ಬಿಡುವುದು, ಇನ್‌ಸ್ಟಾಗ್ರಾಂ ಬಿಡುವುದು, ದಿನಾ ಜಪಸರ ಪ್ರಾರ್ಥನೆ, ಶುಕ್ರವಾರ ಶಿಲುಬೆ ಹಾದಿ ಪ್ರಾರ್ಥನೆ, ಬೈಬಲಿನ ಹೊಸ ಒಡಂಬಡಿಕೆ ಪೂರ್ತಿ ಓದುವುದು ಅಂತ ದೊಡ್ಡ ಪಟ್ಟಿ ಮಾಡುತ್ತೇನೆ. ಎರಡು ವಾರ ನಡೆಯುತ್ತದೆ. ಆಮೇಲೆ ಆಫೀಸಿನಲ್ಲಿ ಕೆಲಸ ಜಾಸ್ತಿಯಾಗಿ ಒಂದು ದಿನ ತಪ್ಪುತ್ತದೆ, ಮಾರನೇ ದಿನ ಬಾಕಿ ಇರುವ ಪುಟ ನೋಡಿದರೇ ಸುಸ್ತು, ನಾಲ್ಕನೇ ದಿನ ಬೈಬಲ್ ಮುಟ್ಟಲೂ ನಾಚಿಕೆ. ಈಸ್ಟರ್‌ನ ಹಿಂದಿನ ವಾರ, ಗರಿಗಳ ಭಾನುವಾರ, ಗರಿ ಹಿಡಿದು ನಿಂತಾಗ ಒಳಗೆಲ್ಲ ಖಾಲಿ.

ಹೋದ ವರ್ಷ ಮಾಂಸ ಬಿಟ್ಟಿದ್ದೊಂದು ಮಾತ್ರ ಕೊನೆವರೆಗೂ ನಡೆಯಿತು. ಆದರೆ ಅದೇ ದಿನಗಳಲ್ಲಿ ಅಣ್ಣನ ಜೊತೆ ಮಾತೂ ಬಿಟ್ಟಿದ್ದೆ, ಅಪ್ಪನ ಮನೆ ಪಾಲಿನ ವಿಷಯಕ್ಕೆ. ಅದು ಇವತ್ತಿಗೂ ಹಾಗೇ ಇದೆ. ಈ ಸಲ ನಿಜವಾಗಿ ಒಂದಿಷ್ಟು ಬದಲಾಗಬೇಕು ಅಂತ ಆಸೆ. ನೀವೆಲ್ಲ ಹೇಗೆ ಮಾಡುತ್ತೀರಿ?

ಕನಕಪುರದ_ಟೀಚರ್

ತಮ್ಮಾ, ನಾನು ಮೂವತ್ತು ವರ್ಷದಿಂದ ಮಕ್ಕಳಿಗೆ ಧರ್ಮೋಪದೇಶ ಹೇಳಿಕೊಡುತ್ತಿದ್ದೇನೆ, ಹಾಗಾಗಿ ನೇರವಾಗಿ ಹೇಳುತ್ತೇನೆ. ಧರ್ಮಸಭೆ ನಿನ್ನಿಂದ ಇಷ್ಟೊಂದು ಕೇಳಿಯೇ ಇಲ್ಲ. 18ರಿಂದ 59 ವಯಸ್ಸಿನವರಿಗೆ ಕಡ್ಡಾಯ ಉಪವಾಸ ಎರಡೇ ದಿನ, ವಿಭೂತಿ ಬುಧವಾರ ಮತ್ತು ಶುಭ ಶುಕ್ರವಾರ. ಆ ಎರಡು ದಿನ, ಮತ್ತೆ ಈ ಕಾಲದ ಶುಕ್ರವಾರಗಳಲ್ಲಿ, 14 ದಾಟಿದವರಿಗೆ ಮಾಂಸ ಇಲ್ಲ. ಅಷ್ಟೇ. ಬುಧವಾರದಿಂದ ಈಸ್ಟರ್ ಹಿಂದಿನ ದಿನದವರೆಗೆ ಎಣಿಸಿದರೆ 46 ದಿನ ಬರುತ್ತದೆ, ಆರು ಭಾನುವಾರ ತೆಗೆದರೆ 40. ಭಾನುವಾರ ಪುನರುತ್ಥಾನದ ದಿನ, ಅದಕ್ಕೇ ಬಿಟ್ಟಿರುವುದು. ನೀನು ಅವತ್ತೂ ಹೊರೆ ಹೊತ್ತುಕೊಂಡಿದ್ದೆ ಅಲ್ವಾ?

ಬೂದಿ ಹಚ್ಚುವ ದಿನ ಬೈಬಲಿನ ಮತ್ತಾಯ ಪುಸ್ತಕದ 6ನೇ ಅಧ್ಯಾಯ ಓದುತ್ತಾರೆ. ಮೊದಲು ದಾನ, ಆಮೇಲೆ ಪ್ರಾರ್ಥನೆ, ಕೊನೆಗೆ ಉಪವಾಸ. ನಾವು ಕೊನೆಯದರಿಂದ ಶುರು ಮಾಡಿ ಅಲ್ಲೇ ನಿಲ್ಲುತ್ತೇವೆ. ಪೂಜೆಯಲ್ಲಿ 6ನೇ ವಚನದಿಂದ ನೇರ 16ಕ್ಕೆ ಹೋಗುತ್ತಾರೆ, ಮಧ್ಯದ ಭಾಗವನ್ನು ಮನೆಯಲ್ಲಿ ತೆಗೆದು ಓದು. ಯೇಸು ಕಲಿಸಿದ ಪ್ರಾರ್ಥನೆ, ಪರಲೋಕ ಮಂತ್ರ, ಅಲ್ಲಿದೆ. ಅದು ಮುಗಿದ ತಕ್ಷಣ ಯೇಸು ವಿವರಿಸುವುದು ಒಂದೇ ವಿಷಯ, ನೀವು ಇತರರನ್ನು ಕ್ಷಮಿಸದಿದ್ದರೆ ತಂದೆ ನಿಮ್ಮನ್ನೂ ಕ್ಷಮಿಸುವುದಿಲ್ಲ ಅಂತ.

ನನ್ನದು ಹೇಳುವುದಾದರೆ, ಅಡುಗೆಮನೆ ಕಟ್ಟೆ ಮೇಲೆ ಒಂದು ಹಾರ್ಲಿಕ್ಸ್ ಬಾಟಲಿ ಇದೆ. ಸಂಜೆಯ ಟೀ, ಬನ್ನು ಬಿಟ್ಟು ದಿನಾ 20 ರೂಪಾಯಿ ಅದಕ್ಕೆ ಹಾಕುತ್ತೇನೆ. 40 ದಿನಕ್ಕೆ 800. ಪಕ್ಕದ ಬೀದಿಯಲ್ಲಿ ಒಬ್ಬ ಅಜ್ಜಿಗೆ ಅದರಲ್ಲಿ ಬಿಪಿ ಮಾತ್ರೆ ತಂದುಕೊಡುತ್ತೇನೆ. ಕೊಟ್ಟು ಹಾಗೇ ಬರಲು ಆಗುವುದಿಲ್ಲ, ಅರ್ಧ ಗಂಟೆ ಕೂರಿಸಿಕೊಂಡು ಮಗನ ಕಥೆ ಹೇಳುತ್ತಾರೆ. ಟೀ ಬಿಡುವುದಕ್ಕಿಂತ ಹಾಗೆ ಕೂರುವುದು ನನಗೆ ಕಷ್ಟ. ನಿಜವಾದ ತಪಸ್ಸು ಅಲ್ಲೇ ಆಗುತ್ತಿದೆ ಅಂತ ನನಗೆ ಗೊತ್ತಾಗಿದ್ದು ತುಂಬಾ ತಡವಾಗಿ.

ಧಾರವಾಡದಿಂದ

ಸ್ತೋತ್ರ. ನಾವು ಸಿಎಸ್ಐ (ದಕ್ಷಿಣ ಭಾರತ ಸಭೆ) ಪ್ರಾಟೆಸ್ಟಂಟ್ ಚರ್ಚಿನವರು, ತಪಸ್ಸುಕಾಲಕ್ಕೆ ನಮ್ಮಲ್ಲಿ ಲೆಂತು ಕಾಲ ಅನ್ನುತ್ತೇವೆ. ಓದುವುದರ ಬಗ್ಗೆ ಮಾತ್ರ ಹೇಳುತ್ತೇನೆ. ಹೊಸ ಒಡಂಬಡಿಕೆ ಪೂರ್ತಿ ಬೇಡ. ಅದರಲ್ಲಿ ಯೇಸುವಿನ ಕಥೆ ಹೇಳುವ ಮಾರ್ಕನ ಪುಸ್ತಕ ಒಂದೇ ಸಾಕು, 16 ಅಧ್ಯಾಯ, ಒಂದಕ್ಕೆ ಎರಡು ಮೂರು ದಿನ. ತಪ್ಪಿದ ದಿನದ ಬಾಕಿ ತೀರಿಸಲೇಬೇಡಿ, ಎಲ್ಲಿ ಬಿಟ್ಟಿದ್ದಿರೋ ಅಲ್ಲಿಂದ ಮುಂದಕ್ಕೆ.

ಇನ್ನೊಂದು, ಗಟ್ಟಿಯಾಗಿ ಓದಿ. ಅವ್ವನಿಗೆ ಕಣ್ಣು ಮಂಜಾದ ಮೇಲೆ ರಾತ್ರಿ ಊಟ ಆದಮೇಲೆ ನಾನೇ ಓದಿ ಹೇಳುತ್ತಿದ್ದೇನೆ. ಕಣ್ಣಲ್ಲೇ ಓದಿದರೆ ನಾನು ಓಡಿಬಿಡುತ್ತೇನೆ, ಅವ್ವ ಓಡಲು ಬಿಡುವುದಿಲ್ಲ. ಹೋದ ವರ್ಷ ಶಿಷ್ಯ ಪೇತ್ರ ಮೂರನೇ ಸಲ ಯೇಸುವನ್ನು ಅರಿಯೆನು ಅಂದ ಜಾಗಕ್ಕೆ ಬಂದಾಗ ಅವ್ವ ಕೈ ಎತ್ತಿದಳು, ತಡಿ ಅಂತ. ಸುಮಾರು ಹೊತ್ತು ಇಬ್ಬರೂ ಮಾತಾಡಲಿಲ್ಲ. ಅವತ್ತು ಅದಕ್ಕಿಂತ ಮುಂದೆ ಓದಲಿಲ್ಲ.

ಕುವೈತ್_ನರ್ಸ್

ನನಗೆ ನೈಟ್ ಡ್ಯೂಟಿ, ಉಪವಾಸ ಮಾಡಿದರೆ ತಲೆ ಸುತ್ತುತ್ತದೆ. ಇಲ್ಲಿ ಶುಕ್ರವಾರ ರಜೆ, ಚರ್ಚ್ ತುಂಬಿರುತ್ತದೆ, ಆದರೆ ಆ ದಿನವೂ ಎಷ್ಟೋ ಸಲ ಡ್ಯೂಟಿ ಬೀಳುತ್ತದೆ. ಮೊದಲೆಲ್ಲ ಅಳು ಬರುತ್ತಿತ್ತು. ಈಗ ಲೊಯೋಲದ ಸಂತ ಇಗ್ನೇಷಿಯಸ್ ಕಲಿಸಿದ ಆತ್ಮಶೋಧನೆ ಹಿಡಿದುಕೊಂಡಿದ್ದೇನೆ. ಬೆಳಿಗ್ಗೆ ರೂಮಿಗೆ ಬಂದು ಯೂನಿಫಾರ್ಮ್ ಬಿಚ್ಚುವ ಮೊದಲು ಹತ್ತು ನಿಮಿಷ: ಸಿಕ್ಕಿದ್ದಕ್ಕೆ ದೇವರಿಗೆ ಕೃತಜ್ಞತೆ, ಬೆಳಕು ಕೊಡು ಅಂತ ಬೇಡುವುದು, ಆಮೇಲೆ ಡ್ಯೂಟಿಯನ್ನು ಗಂಟೆ ಗಂಟೆಯಾಗಿ ನೆನೆಸಿಕೊಳ್ಳುವುದು, ತಪ್ಪಿದ್ದಕ್ಕೆ ಕ್ಷಮೆ ಕೇಳುವುದು, ನಾಳೆಗೆ ಏನು ಅಂತ ಒಂದು ನಿರ್ಧಾರ.

ಒಂದು ಸಲ ಹೀಗೆ ನೆನೆಸಿಕೊಳ್ಳುವಾಗ ಬೆಡ್ ಬೆಲ್ ಮತ್ತೆ ಮತ್ತೆ ಒತ್ತಿದ ಒಬ್ಬ ರೋಗಿಗೆ ಗದರಿದ್ದು ಕಣ್ಣ ಮುಂದೆ ಬಂತು. ಆತ ಕೇಳಿದ್ದು ಇನ್ನೊಂದು ಹೊದಿಕೆ ಅಷ್ಟೇ. ಮಾರನೇ ರಾತ್ರಿ ಹೊದಿಕೆ ತೆಗೆದುಕೊಂಡು ಹೋಗಿ ಸಾರಿ ಅಂದೆ. ಅಣ್ಣಾ, ನಿಮಗೆ ಗೊತ್ತಿರುವ ಹೆಸರು ಒಂದಿದೆ, ಆತ್ಮಶೋಧನೆಯಲ್ಲಿ ಮೊದಲ ದಿನವೇ ಅದು ಬರುತ್ತದೆ.

ಕನಕಪುರದ_ಟೀಚರ್

ಒಂದು ಮಾತು ಬಿಟ್ಟುಹೋಗಿತ್ತು. ತಪಸ್ಸುಕಾಲದ ಮೊದಲನೇ ವಾರದ ಶುಕ್ರವಾರ, ಅಂದರೆ ಈ ಸಲ ಫೆಬ್ರವರಿ 27, ಪೂಜೆಯಲ್ಲಿ ಓದುವ ಶುಭಸಂದೇಶ ಮತ್ತಾಯ 5. ಕಾಣಿಕೆಯನ್ನು ಪೀಠದ ಮುಂದೆಯೇ ಬಿಟ್ಟು ಹೋಗಿ ಮೊದಲು ಸಹೋದರನ ಜೊತೆ ರಾಜಿಯಾಗು ಅನ್ನುವ ಭಾಗ.

ಮೈಸೂರು_ಹುಡುಗ

ಟೀಚರ್, ಅದನ್ನು ಓದಿ ಸ್ವಲ್ಪ ಹೊತ್ತು ಫೋನ್ ಕೆಳಗಿಟ್ಟೆ. ಅಣ್ಣನ ನಂಬರ್ ಬ್ಲಾಕ್ ಮಾಡಿದ್ದೆ, ಈಗ ತೆಗೆದಿದ್ದೇನೆ. ಇನ್ನೂ ಕರೆ ಮಾಡಿಲ್ಲ. ಪಟ್ಟಿ ಹರಿದುಹಾಕಿದೆ. ಮಾರ್ಕ, ರಾತ್ರಿ ಹತ್ತು ನಿಮಿಷ ಆತ್ಮಶೋಧನೆ, ಮತ್ತೆ ಅಣ್ಣ, ಈ ಮೂರೇ ಇಟ್ಟುಕೊಳ್ಳುತ್ತೇನೆ. ಧಾರವಾಡದ ಅಣ್ಣಾ, ಮಾರ್ಕ ಬುಧವಾರದಿಂದ ಶುರು ಮಾಡಬೇಕಾ?

ಧಾರವಾಡದಿಂದ

ಯಾಕೆ ಕಾಯುತ್ತೀರಿ, ಇವತ್ತು ರಾತ್ರಿಯೇ ಮಾಡಿ. ಮೊದಲನೇ ಅಧ್ಯಾಯ, 15ನೇ ವಚನದವರೆಗೆ ಸಾಕು. ಗಟ್ಟಿಯಾಗಿ.