ಚಿಕ್ಕ ನಾಯಿಗಳ ಗುದ್ದಾಟ: ಆಟವೋ, ಜಗಳವೋ?

ಪ್ರಶ್ನೆ (ವಿದ್ಯಾನಗರ, ದಾವಣಗೆರೆ)

ಎಲ್ಲರಿಗೂ ನಮಸ್ಕಾರ. ನಮ್ಮ ಮನೆಯಲ್ಲಿ ಎರಡು ವರ್ಷದ ಹೆಣ್ಣು ಪೊಮೆರೇನಿಯನ್ ಇದೆ. ಪಕ್ಕದ ಮನೆಯವರು ಇತ್ತೀಚೆಗೆ ಒಂದು ಗಂಡು ಪಗ್ ತಂದಿದ್ದಾರೆ. ಬಿಸಿಲು ಇಳಿದ ಮೇಲೆ ಎರಡನ್ನೂ ನಮ್ಮ ತಾರಸಿಯ ಮೇಲೆ ಒಟ್ಟಿಗೆ ಬಿಡುತ್ತೇವೆ. ಸ್ವಲ್ಪ ಹೊತ್ತಿಗೆ ಅವು ಗುರುಗುಟ್ಟುತ್ತ, ಹಲ್ಲು ತೋರಿಸುತ್ತ, ಒಂದರ ಕುತ್ತಿಗೆಯನ್ನು ಇನ್ನೊಂದು ಬಾಯಿಯಲ್ಲಿ ಹಿಡಿದು ಉರುಳಾಡತೊಡಗುತ್ತವೆ. ಇದುವರೆಗೆ ಯಾವುದಕ್ಕೂ ಗಾಯವಾಗಿಲ್ಲ. ಪಕ್ಕದ ಮನೆಯ ಅಣ್ಣ, 'ಇಷ್ಟುದ್ದದ ನಾಯಿಗಳು, ಏನು ಮಾಡಿಕೊಂಡಾವು, ಬಿಡಮ್ಮ' ಎನ್ನುತ್ತಾರೆ. ನಮ್ಮ ಅತ್ತೆಯವರು ಮಾತ್ರ ಆ ಸದ್ದು ಕೇಳಿದೊಡನೆ ಗಾಬರಿಯಾಗಿ, ಬೇಗ ಬಿಡಿಸು ಎಂದು ಕೂಗುತ್ತಾರೆ. ನಮ್ಮ ನಾಯಿಯ ಬೆನ್ನಿನ ಕೂದಲು ನಿಮಿರುವುದನ್ನೂ ಅದು ಒಮ್ಮೊಮ್ಮೆ ಅಂಗಾತ ಬೀಳುವುದನ್ನೂ ನಾನೇ ನೋಡಿದ್ದೇನೆ. ಇದು ಆಟವೇ ಅಥವಾ ಜಗಳದ ಮುನ್ಸೂಚನೆಯೇ ಎಂಬುದನ್ನು ತಿಳಿಯುವುದು ಹೇಗೆ? ಯಾವ ಹಂತದಲ್ಲಿ ನಾವು ನಡುವೆ ಹೋಗಬೇಕು? ಅನುಭವ ಇರುವವರು ದಯವಿಟ್ಟು ತಿಳಿಸಿ.

ಉತ್ತರ (ನಾಯಿ ತರಬೇತುದಾರ, ಚಿತ್ರದುರ್ಗ)

ಸದ್ದನ್ನು ಕೇಳಿ, ಹಲ್ಲನ್ನು ನೋಡಿ ತೀರ್ಮಾನಕ್ಕೆ ಬರಬೇಡಿ, ಅಮ್ಮ. ಗುರುಗುಟ್ಟುವುದು, ಬೆನ್ನಟ್ಟುವುದು, ಮೇಲೆ ಬೀಳುವುದು, ಬಾಯಿಯಲ್ಲಿ ಹಿಡಿಯುವುದು ಆಟದಲ್ಲೂ ಇರುತ್ತವೆ, ಜಗಳದಲ್ಲೂ ಇರುತ್ತವೆ. ನೋಡಬೇಕಾದದ್ದು ಎರಡು ನಾಯಿಗಳ ನಡುವೆ ಸರದಿ ಇದೆಯೇ ಎಂಬುದನ್ನು. ಆಟದಲ್ಲಿ ಈಗ ಓಡಿಸಿದ್ದು ಮುಂದೆ ತಾನೇ ಓಡುತ್ತದೆ, ಈಗ ಮೇಲಿದ್ದದ್ದು ಸ್ವಲ್ಪ ಹೊತ್ತಿಗೆ ಕೆಳಗಾಗುತ್ತದೆ, ಬಲಶಾಲಿಯಾದದ್ದು ಬೇಕೆಂದೇ ಸೋತಂತೆ ಮಲಗಿಕೊಡುತ್ತದೆ. ನಡುನಡುವೆ ಎರಡೂ ತಾವಾಗಿಯೇ ನಿಲ್ಲುತ್ತವೆ, ಮೈ ಕೊಡವುತ್ತವೆ, ನೆಲ ಮೂಸುತ್ತವೆ, ಸೀನುವುದೂ ಉಂಟು, ಮತ್ತೆ ಶುರುಮಾಡುತ್ತವೆ.

ಮುಂಗಾಲುಗಳನ್ನು ಚಾಚಿ, ಎದೆಯನ್ನು ನೆಲಕ್ಕೆ ತಗ್ಗಿಸಿ, ಹಿಂಭಾಗವನ್ನು ಮೇಲೆತ್ತಿ ನಿಲ್ಲುವ ಭಂಗಿಯನ್ನು ನೀವು ಕಂಡೇ ಇರುತ್ತೀರಿ. ಅದು ಆಟಕ್ಕೆ ಕರೆಯುವ ಭಂಗಿ. ಅಮೆರಿಕದ ಪ್ರಾಣಿವರ್ತನಾ ವಿಜ್ಞಾನಿ ಮಾರ್ಕ್ ಬೆಕಾಫ್ ಅವರು 1995ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ತಲೆಯನ್ನು ಅತ್ತಿತ್ತ ಒದರುತ್ತ ಕಚ್ಚುವಂಥ, ಎದುರಿನ ನಾಯಿ ತಪ್ಪಾಗಿ ತಿಳಿಯಬಹುದಾದ ವರ್ತನೆಗಳ ಹಿಂದೆ ಮುಂದೆ ಈ ಭಂಗಿ ಹೆಚ್ಚಾಗಿ ಬರುವುದನ್ನು ತೋರಿಸಿದ್ದಾರೆ. ಅಂದರೆ, ಈಗ ಮಾಡಿದ್ದೂ ಮುಂದೆ ಮಾಡುವುದೂ ಆಟವೇ ಎಂದು ನಾಯಿ ತಾನೇ ಸಾರಿ ಹೇಳುತ್ತದೆ.

ಕೂದಲು ನಿಮಿರುವುದು ಉದ್ರೇಕದ ಲಕ್ಷಣವೇ ಹೊರತು ಸಿಟ್ಟಿನ ಲಕ್ಷಣ ಎಂದೇ ಅಲ್ಲ. ಸಂತೋಷದಲ್ಲೂ ಭಯದಲ್ಲೂ ಅದು ನಿಮಿರುತ್ತದೆ. ಅಂಗಾತ ಬಿದ್ದಾಗ ಮೈ ಸಡಿಲವಾಗಿದ್ದು, ಬಾಯಿ ತೆರೆದು, ಕಾಲಾಡಿಸುತ್ತಿದ್ದರೆ ಚಿಂತೆ ಬೇಡ. ಬಾಲವನ್ನು ಹೊಟ್ಟೆಗೆ ಒತ್ತಿಕೊಂಡು, ಬಾಯಿ ಮುಚ್ಚಿ, ಮುಖ ಆಚೆ ತಿರುಗಿಸಿ, ಕಣ್ಣಿನ ಬಿಳಿಭಾಗ ಕಾಣುವಂತೆ ಓರೆಯಾಗಿ ನೋಡುತ್ತ ಅಲುಗಾಡದೆ ಬಿದ್ದಿದ್ದರೆ ಅದು ಆಟವಲ್ಲ, ಭಯ. ನಿಜವಾದ ಜಗಳಕ್ಕೆ ಮೊದಲು ಸದ್ದು ಹೆಚ್ಚುವುದಕ್ಕಿಂತ ಅಡಗುವುದೇ ಹೆಚ್ಚು: ಕುಣಿಯುತ್ತಿದ್ದ ಮೈ ತಟ್ಟನೆ ಬಿಗಿಯುತ್ತದೆ, ಬಾಯಿ ಮುಚ್ಚಿಕೊಳ್ಳುತ್ತದೆ, ದೃಷ್ಟಿ ಎದುರಿನ ನಾಯಿಯ ಮೇಲೆ ನೆಟ್ಟು ನಿಲ್ಲುತ್ತದೆ. ಆ ಒಂದು ಕ್ಷಣವನ್ನು ಗುರುತಿಸಿ, ಚಪ್ಪಾಳೆ ತಟ್ಟಿ ಹೆಸರು ಹಿಡಿದು ಕರೆಯಿರಿ. ಬಾಲ ಆಡುತ್ತಿದೆ ಎಂದು ಸುಮ್ಮನಿರಬೇಡಿ, ಏಕೆಂದರೆ ಬಿಗಿದ ಬಾಲವೂ ಆಡುತ್ತದೆ.

ಇಷ್ಟರ ಮೇಲೂ ಸಂದೇಹ ಉಳಿದರೆ, ಮೇಲೆ ಬೀಳುತ್ತಿರುವ ನಾಯಿಯನ್ನು ಮೆಲ್ಲಗೆ ಹಿಡಿದು ನಿಲ್ಲಿಸಿ, ಇನ್ನೊಂದು ಏನು ಮಾಡುತ್ತದೆ ನೋಡಿ. ಅದು ತಾನಾಗಿ ಮರಳಿ ಬಂದು ಕೆಣಕಿದರೆ ಆಟ ಅದಕ್ಕೂ ಬೇಕಾಗಿದೆ. ಸಿಕ್ಕಿದ್ದೇ ಸಮಯವೆಂದು ಮೂಲೆ ಸೇರಿದರೆ ಆ ದಿನಕ್ಕೆ ಸಾಕು ಮಾಡಿ.

ಪಕ್ಕದ ಮನೆಯವರ ಮಾತಿನ ಬಗ್ಗೆ ಒಂದು ಮಾತು ಹೇಳಲೇಬೇಕು. ಲ್ಯಾಬ್ರಡಾರ್ ಗುರ್ ಎಂದರೆ ನಾವು ಎರಡು ಹೆಜ್ಜೆ ಹಿಂದೆ ಸರಿಯುತ್ತೇವೆ. ಪೊಮೆರೇನಿಯನ್ ಅದನ್ನೇ ಮಾಡಿದರೆ ನಗುತ್ತ ಎತ್ತಿಕೊಳ್ಳುತ್ತೇವೆ. ಚಿಕ್ಕ ನಾಯಿ ಕೊಡುವ ಎಚ್ಚರಿಕೆಯನ್ನು ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳದಿರುವುದರಿಂದಲೇ ಎಷ್ಟೋ ಚಿಕ್ಕ ನಾಯಿಗಳು ಎಚ್ಚರಿಕೆಯನ್ನು ಬಿಟ್ಟು ನೇರವಾಗಿ ಕಚ್ಚಲು ಕಲಿಯುತ್ತವೆ. ಗುರುಗುಟ್ಟಿದ್ದಕ್ಕೆ ಬೈಯುವುದೂ ಹೊಡೆಯುವುದೂ ಅದೇ ಫಲವನ್ನು ಕೊಡುತ್ತದೆ.

ಉತ್ತರ (ಪಶುವೈದ್ಯೆ, ದಾವಣಗೆರೆ)

ಮೇಲಿನ ಮಾತುಗಳನ್ನು ಒಪ್ಪುತ್ತೇನೆ. ಆದರೆ ನಿಮ್ಮಲ್ಲಿರುವ ಎರಡೂ ತಳಿಗಳ ಮೈಕಟ್ಟೇ ಈ ಲಕ್ಷಣಗಳನ್ನು ಮರೆಮಾಡುತ್ತದೆ. ಪಗ್‌ನ ಮುಖದ ಸುಕ್ಕು ಯಾವಾಗಲೂ ಇರುತ್ತದೆ, ಚಪ್ಪಟೆ ಮೂತಿಯಿಂದಾಗಿ ಅದು ಉಸಿರಾಡಿದರೂ ಗೊರಗೊರ ಎನ್ನುತ್ತದೆ, ಸುರುಳಿ ಬಾಲ ಹೆಚ್ಚು ಸುದ್ದಿ ಹೇಳುವುದಿಲ್ಲ. ಪೊಮೆರೇನಿಯನ್‌ನ ಬಾಲ ಬೆನ್ನಿನ ಮೇಲೇ ಮಲಗಿರುತ್ತದೆ. ಆದ್ದರಿಂದ ಕಿವಿಗಳು ಹೇಗಿವೆ, ಮೈಭಾರ ಮುಂಗಾಲಿನ ಮೇಲೆ ಬಿದ್ದಿದೆಯೇ, ಕಣ್ಣು ಮೃದುವಾಗಿದೆಯೇ ಎಂಬುದನ್ನು ಹೆಚ್ಚು ಗಮನಿಸಿ.

ಇದುವರೆಗೆ ಚೆನ್ನಾಗಿ ಆಡುತ್ತಿದ್ದ ನಾಯಿ ಇದ್ದಕ್ಕಿದ್ದಂತೆ ಸಿಡುಕತೊಡಗಿದರೆ ಮೊದಲು ನೋವನ್ನು ಹುಡುಕಬೇಕು. ಚಿಕ್ಕ ತಳಿಗಳಲ್ಲಿ ಮಂಡಿಚಿಪ್ಪು ಜಾರುವುದು, ಹಲ್ಲು ಮತ್ತು ವಸಡಿನ ರೋಗ, ಕಿವಿಯ ಸೋಂಕು ಸಾಮಾನ್ಯ. ಹೆಣ್ಣು ನಾಯಿ ಬೆದೆಗೆ ಬಂದ ದಿನಗಳಲ್ಲಿ ಗಂಡಿನೊಡನೆ ಬಿಡಲೇಬೇಡಿ. ಬೇಸಿಗೆಯಲ್ಲಿ ನಮ್ಮೂರಿನ ತಾರಸಿಗಳು ಸೂರ್ಯ ಮುಳುಗಿದ ಮೇಲೂ ಕಾದಿರುತ್ತವೆ. ಅಂಗೈಯನ್ನು ನೆಲಕ್ಕೆ ಒತ್ತಿ ನೋಡಿ ಬಿಡಿ. ಪಗ್‌ಗೆ ಸೆಕೆ ಬೇಗ ಏರುತ್ತದೆ, ಜೋರಾಗಿ ಏದುಸಿರು ಬಿಡತೊಡಗಿದರೆ ಆಟ ನಿಲ್ಲಿಸಿ ನೆರಳಿಗೆ ತನ್ನಿ.

ಹಲ್ಲು ನಾಟಿದ ಸಂದೇಹ ಬಂದರೆ ಕೂದಲನ್ನು ಬಿಡಿಸಿ ಚರ್ಮವನ್ನು ಪೂರ್ತಿ ನೋಡಬೇಕು. ಹೊರಗೆ ಚಿಕ್ಕ ತೂತು ಕಂಡರೂ ಒಳಗಿನ ಮಾಂಸ ಹರಿದಿರಬಹುದು, ಮರುದಿನ ಕೀವು ಕಟ್ಟಬಹುದು. ಎರಡೂ ನಾಯಿಗಳಿಗೆ ರೇಬೀಸ್ ಲಸಿಕೆ ಹಾಕಿಸಿದ್ದೀರಾ ಎಂಬುದನ್ನು ಇವತ್ತೇ ಚೀಟಿ ತೆಗೆದು ನೋಡಿ. ಬಿಡಿಸಲು ಹೋದ ಮನುಷ್ಯರಿಗೆ ಕಚ್ಚಿದರೆ, ಗೀರಿದಷ್ಟೇ ಆದರೂ, ಹರಿಯುವ ನೀರಿನಲ್ಲಿ ಸಾಬೂನು ಹಚ್ಚಿ 15 ನಿಮಿಷ ತೊಳೆದು ತಡಮಾಡದೆ ಆಸ್ಪತ್ರೆಗೆ ಹೋಗಬೇಕು. ಅರಿಶಿನ, ಸುಣ್ಣ, ಖಾರದ ಪುಡಿ ಯಾವುದನ್ನೂ ಹಚ್ಚಬೇಡಿ.

ಪ್ರಶ್ನೆ ಕೇಳಿದವರು

ಇಬ್ಬರಿಗೂ ಧನ್ಯವಾದ. ಹೇಳಿದಂತೆ ಪಗ್ ಅನ್ನು ಹಿಡಿದು ನಿಲ್ಲಿಸಿದಾಗ ನಮ್ಮದು ಒಂದು ಸುತ್ತು ಓಡಿ, ಮರಳಿ ಬಂದು ಅದರ ಮುಖಕ್ಕೆ ಪಂಜ ಹಾಕಿತು. ಅತ್ತೆಯವರೂ ನೋಡಿ ಸಮಾಧಾನಪಟ್ಟರು. ಆದರೆ ತಟ್ಟೆಯಲ್ಲಿ ಚಪಾತಿ ಚೂರು ಇಟ್ಟಾಗ ಮಾತ್ರ ನಮ್ಮ ನಾಯಿ ನೀವು ವರ್ಣಿಸಿದ ಹಾಗೆಯೇ ಬಿಗಿದು ನಿಂತು ನೆಟ್ಟ ನೋಟ ನೋಡಿತು. ಕುಂದವಾಡ ಕೆರೆಯ ದಂಡೆಯಲ್ಲಿ ವಾಕಿಂಗ್ ಹೋದಾಗ ದೊಡ್ಡ ನಾಯಿಗಳ ಮೇಲೂ ಹಾರಲು ನೋಡುತ್ತದೆ. ನಾನು ಎತ್ತಿಕೊಂಡುಬಿಡುತ್ತೇನೆ, ಅದು ಸರಿಯೇ?

ಉತ್ತರ (ನಾಯಿ ತರಬೇತುದಾರ, ಚಿತ್ರದುರ್ಗ)

ತಾರಸಿಯ ಮೇಲೆ ಅವುಗಳದು ಆಟವೇ, ನಿಶ್ಚಿಂತೆಯಿಂದಿರಿ. ತಿಂಡಿಯ ವಿಷಯ ಬೇರೆ. ಒಟ್ಟಿಗಿರುವಾಗ ತಟ್ಟೆ, ಮೂಳೆ, ಅಚ್ಚುಮೆಚ್ಚಿನ ಚೆಂಡು ಯಾವುದೂ ಅಲ್ಲಿರಬಾರದು. ಊಟ ಅವರವರ ಮನೆಯಲ್ಲಿ ಆಗಲಿ.

ಕೆರೆಯ ದಂಡೆಯಲ್ಲಿ ಚೈನನ್ನು ಬಿಗಿಯಾಗಿ ಜಗ್ಗಿ ಹಿಡಿದರೆ, ಓಡಿಹೋಗುವ ದಾರಿಯೇ ಇಲ್ಲವೆಂದು ನಾಯಿ ಇನ್ನಷ್ಟು ಅಬ್ಬರಿಸುತ್ತದೆ. ಎದುರಿನ ನಾಯಿ ಮುಟ್ಟುವಷ್ಟು ಹತ್ತಿರ ಬಂದ ಮೇಲೆ ಎತ್ತಿಕೊಂಡರೆ ಅದು ನಿಮ್ಮ ಮೈಮೇಲೇ ಹಾರಬಹುದು. ಅದರ ಬದಲು, ದೂರದಲ್ಲಿ ಕಂಡೊಡನೆ ಚೈನು ಸಡಿಲವಾಗಿರುವಂತೆಯೇ ದಾರಿ ಬಿಟ್ಟು ಬಳಸಿಕೊಂಡು ನಡೆಯಿರಿ, ನಿಮ್ಮ ನಾಯಿ ತಿರುಗಿ ನಿಮ್ಮ ಮುಖ ನೋಡಿದಾಗ ಒಂದು ಚೂರು ತಿನಿಸು ಕೊಡಿ.

ಎಂದಾದರೂ ನಿಜವಾಗಿ ಕಚ್ಚಾಟಕ್ಕಿಳಿದರೆ ಎರಡು ಬಾಯಿಗಳ ನಡುವೆ ಕೈ ಹಾಕದೆ, ಒಂದು ಬಕೆಟ್ ನೀರು ಸುರಿಯಿರಿ ಅಥವಾ ಪ್ಲಾಸ್ಟಿಕ್ ಕುರ್ಚಿಯನ್ನು ನಡುವೆ ತೂರಿಸಿ. ದೊಡ್ಡ ನಾಯಿ ಎಷ್ಟೇ ಸಾಧುವಾಗಿದ್ದರೂ ಅದರೊಡನೆ ನಿಮ್ಮದನ್ನು ಬಿಡಿಯಾಗಿ ಆಡಲು ಬಿಡಬೇಡಿ. ಚಿಕ್ಕದು ಕುಂಯ್ ಎಂದು ಕಿರುಚಿ ಓಡಿದಾಗ ದೊಡ್ಡದರಲ್ಲಿ ಬೇಟೆಯ ಸ್ವಭಾವ ಕೆರಳುವುದುಂಟು, ಆಗ ಒಂದೇ ಬಾಯಿಗೆ ಅನಾಹುತವಾಗುತ್ತದೆ.