ರೀಎನಾಕ್ಟರ್‌ಗೆ ‘ಸೋಗುಗಾರ’ ಅನ್ನಬಹುದಾ?

ಎಲ್ಲರಿಗೂ ನಮಸ್ಕಾರ. ಬಾಗಲಕೋಟೆಯಿಂದ ಬರೆಯುತ್ತಿದ್ದೇನೆ. ಹೈಸ್ಕೂಲ್ ಮಕ್ಕಳಿಗಾಗಿ ರೋಮನ್ ಸೈನ್ಯದ ಮೇಲೆ ಸಣ್ಣ ಪುಸ್ತಕವೊಂದನ್ನು ಮಾಡುತ್ತಿದ್ದೇನೆ, ಅದರಲ್ಲಿ ಒಂದು ಪದ ಸಿಗದೆ ನಿಂತಿದ್ದೇನೆ. ಫೋಟೋಗಳೆಲ್ಲ ರೀಎನಾಕ್ಟರ್‌ಗಳವು. ಅಂದ್ರೆ ಹಳೇ ಕಾಲದ ಸೈನಿಕರ ಹಾಗೆ ಕವಚ ತೊಟ್ಟು, ಗುರಾಣಿ ಹಿಡಿದು, ಸಾಲಿನಲ್ಲಿ ನಡೆದು ತೋರಿಸುವ ಈಗಿನ ಜನ. ಒಂದು ಫೋಟೋ ಕೆಳಗೆ ಸುಮ್ನೆ ‘ರೋಮನ್ ಸೈನಿಕ’ ಅಂತ ಬರೆದಿದ್ದೆ. ಕರಡು ನೋಡಿದ ಮಗಳು, “ಅಪ್ಪಾ, ಇವನ ಕೈಮ್ಯಾಲೆ ವಾಚಿನ ಗುರುತೈತಲ್ಲ!” ಅಂದಳು. ನೋಡಿದರೆ ಹೌದು, ಬಿಸಿಲಿಗೆ ಕೆಂಪಾದ ಮುಂಗೈಯಲ್ಲಿ ವಾಚ್ ಕಟ್ಟುವಷ್ಟು ಜಾಗ ಬೆಳ್ಳಗೆ ಉಳಿದಿದೆ.

‘ಪುನರಭಿನಯಕಾರ’ ನಾಲಿಗೆ ಮೇಲೆ ಹೊರಳಲ್ಲ. ‘ನಟ’ ಅಂದರೆ ನಾಟಕದವನು. ‘ಅಣಕು ಸೈನಿಕ’ ಅಂದರೆ ಗೇಲಿ ಮಾಡಿದ ಹಾಗೆ (ಶಾಲೆಯ ‘ಅಣಕು ಸಂಸತ್ತು’ ಮಾತ್ರ ಯಾರಿಗೂ ಗೇಲಿ ಅನ್ನಿಸಲ್ಲ, ಅದು ಬೇರೆ ಮಾತು).

ಕಡೆಗೆ ನೆನಪಾದದ್ದು ನಮ್ಮೂರ ಹೋಳಿಯ ಸೋಗಿನ ಬಂಡಿ. ಪುರಾಣ, ಇತಿಹಾಸದ ವೇಷ ಹಾಕಿಕೊಂಡವರು ಬಂಡಿ ಏರಿ ಊರೆಲ್ಲ ಸುತ್ತುತ್ತಾರೆ. ಒಂದು ವರ್ಷ ಭೀಮನೊಬ್ಬ ಗದೆಯನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು ಮಿರ್ಚಿ ತಿನ್ನುತ್ತ ಹೋಗಿದ್ದು ನನಗಿನ್ನೂ ಕಣ್ಣಿಗೆ ಕಟ್ಟಿದ ಹಾಗಿದೆ. ಇಲ್ಲಿ ‘ಸೋಗು’ ಅಂದರೆ ಬೈಗುಳವಲ್ಲ, ಹಬ್ಬ.

ಆದರೆ ಪತ್ರಿಕೆ ತೆರೆದರೆ ‘ಪೊಲೀಸರ ಸೋಗಿನಲ್ಲಿ ದರೋಡೆ’. ‘ಸೋಗಲಾಡಿ’ ಅಂತೂ ನೇರ ಬೈಗುಳವೇ. ‘ರೋಮನ್ ಸೈನಿಕನ ಸೋಗಿನಲ್ಲಿ ಇಂಗ್ಲೆಂಡಿನ ವ್ಯಕ್ತಿ’ ಅಂತ ಬರೆದರೆ ಮಕ್ಕಳು ಅವನನ್ನು ಕಳ್ಳ ಅಂದುಕೊಳ್ಳಲ್ವಾ?

ಇನ್ನೊಂದು ತೊಡಕಿದೆ, ನನಗೆ ಜಾಸ್ತಿ ಕಾಡುವುದು ಅದೇ. ಇವರು ಬರೀ ವೇಷ ಹಾಕುವವರಲ್ಲ. ಇಂಗ್ಲೆಂಡಿನ ಕಾರ್ಬ್ರಿಜ್‌ನಲ್ಲಿ 1964ರಲ್ಲಿ ಒಂದು ಮರದ ಪೆಟ್ಟಿಗೆ ಸಿಕ್ಕಿತು, ಒಳಗೆ ರೋಮನ್ ಕಾಲದ ಕಬ್ಬಿಣದ ಕವಚದ ತುಂಡುಗಳು. ಪಟ್ಟಿಗಳನ್ನು ಚರ್ಮದಿಂದ ಹೇಗೆ ಜೋಡಿಸಿದ್ದರು ಅನ್ನುವುದು ಅದರಿಂದ ತಿಳಿಯಿತು. ಅಲ್ಲಿಯವರೆಗೆ ರೋಮ್ ನಗರದ ಟ್ರಾಜನ್ ಕಂಬದ ಮೇಲೆ ಕೆತ್ತಿರುವ ಸೈನಿಕರ ಶಿಲ್ಪ ನೋಡಿಕೊಂಡೇ ಜಾಸ್ತಿ ಊಹೆ ಮಾಡುತ್ತಿದ್ದರು. 1972ರಲ್ಲಿ ಶುರುವಾದ ಅರ್ಮೀನ್ ಸ್ಟ್ರೀಟ್ ಗಾರ್ಡ್ ಎಂಬ ತಂಡದವರು ಇಂಥ ಕವಚಗಳನ್ನು ಮಾಡಿಸಿ ತೊಟ್ಟು ತೋರಿಸುತ್ತಾರೆ. ಜರ್ಮನಿಯ ಇತಿಹಾಸಕಾರ ಮಾರ್ಕುಸ್ ಯುಂಕಲ್‌ಮನ್ 1985ರಲ್ಲಿ ಜೊತೆಗಾರರನ್ನು ಕಟ್ಟಿಕೊಂಡು, ರೋಮನ್ ಸೈನಿಕರ ಹೊರೆ ಹೊತ್ತು, ಇಟಲಿಯ ವೆರೋನಾದಿಂದ ಆಲ್ಪ್ಸ್ ದಾಟಿ ಜರ್ಮನಿಯ ಔಗ್ಸ್‌ಬರ್ಗ್‌ವರೆಗೆ ನಡೆದೇ ಹೋದರು. ಭಾರ ಎಲ್ಲಿ ಒತ್ತುತ್ತದೆ, ಚಪ್ಪಲಿ ಎಷ್ಟು ತಾಳುತ್ತದೆ ಅನ್ನುವುದು ಕಂಬ ನೋಡಿದರೆ ಗೊತ್ತಾಗುತ್ತಾ? ಇದಕ್ಕೆ ‘ಸೋಗು’ ಸಾಲದು. ‘ತೊಟ್ಟು ನೋಡುವವರು’ ಅಂದರೆ ಬಟ್ಟೆ ಅಂಗಡಿ ನೆನಪಾಗುತ್ತದೆ!

ಸದ್ಯಕ್ಕೆ ‘ಸೋಗುಗಾರ’ ಅಂತ ಇಟ್ಟಿದ್ದೇನೆ. ಮೈಸೂರು, ಮಂಗಳೂರು ಕಡೆಯವರ ಕಿವಿಗೆ ಇದು ಕೆಟ್ಟದಾಗಿ ಕೇಳುತ್ತಾ? ನಿಮ್ಮ ಕಡೆ ಹಬ್ಬಕ್ಕೆ ವೇಷ ಹಾಕುವವರಿಗೆ ಏನಂತೀರಿ? ಹಾಗೇ ಆ ಫೋಟೋದ ಕೆಳಗೆ ನೀವಾಗಿದ್ದರೆ ಏನು ಬರೆಯುತ್ತಿದ್ದಿರಿ, ಒಂದು ಸಾಲು ಬರೆದು ತೋರಿಸಿ.